ಟ್ರ್ಯಾಕ್‌ಗೆ ಕಾರು ಇಳಿಸುವ ಮುನ್ನ: ನೂಲು ಕಟ್ಟಿ ವೀಲ್ ಅಲೈನ್‌ಮೆಂಟ್ ಮಾಡಿಕೊಳ್ಳುವ ಬಗೆ

ನನ್ನ ಹಳೇ ಸ್ವಿಫ್ಟ್ ಮೊದಲ ಸಲ ಟ್ರ್ಯಾಕ್ ನೋಡಿ ಬಂದಾಗ ಮುಂದಿನ ಎಡಗಡೆ ಟೈರಿನ ಹೊರ ಅಂಚು ಕೊಬ್ಬರಿ ತುರಿದ ಹಾಗೆ ಆಗಿತ್ತು. ಅದೇ ಟೈರಿನ ಒಳ ಅಂಚಿನಲ್ಲಿ ಹೊಸ ಟೈರಿಗೆ ಇರುತ್ತಲ್ಲ, ಆ ಸಣ್ಣ ರಬ್ಬರ್ ಕೂದಲು, ಅದು ಇನ್ನೂ ಹಾಗೇ ಇತ್ತು. ಅಂದರೆ ದುಡ್ಡು ಕೊಟ್ಟು ತಂದ ಟೈರಿನಲ್ಲಿ ಅರ್ಧ ಭಾಗ ದಿನವಿಡೀ ಕೆಲಸವನ್ನೇ ಮಾಡಿರಲಿಲ್ಲ.

ತಮಾಷೆ ಏನೆಂದರೆ, ಹಿಂದಿನ ದಿನವಷ್ಟೇ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸ, ಮಾಡಿಸಿದ್ದೆ. ಕಂಪ್ಯೂಟರ್ ಪರದೆಯಲ್ಲಿ ಎಲ್ಲಾ ಹಸಿರು. ಅಂಗಡಿಯ ಹುಡುಗ "ಎಲ್ಲಾ ಪರ್ಫೆಕ್ಟ್ ಸಾರ್" ಅಂತ ಚೀಟಿ ಕೈಗಿತ್ತಿದ್ದ. ಅವನದೇನೂ ತಪ್ಪಿಲ್ಲ. ಆ ಹಸಿರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗುವ ಕಾರಿನ ಹಸಿರು. ಟೈರು ಐವತ್ತು ಸಾವಿರ ಕಿ.ಮೀ. ಬಾಳಲಿ, ಕಾರು ನೆಟ್ಟಗೆ ಹೋಗಲಿ ಅನ್ನುವುದಷ್ಟೇ ಅದರ ಲೆಕ್ಕ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿ, ಭಾರವೆಲ್ಲ ಹೊರಗಡೆಯ ಮುಂದಿನ ಚಕ್ರದ ಮೇಲೆ ಬಿದ್ದಾಗ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಇರುವುದಿಲ್ಲ. ನಮಗೆ ಬೇಕಿರುವುದು ಅದೇ.

ಈ ಬರಹ ಮುಂದಿನ ಚಕ್ರ ಎಳೆಯುವ ಸಣ್ಣ ಹ್ಯಾಚ್‌ಬ್ಯಾಕ್ ಇಟ್ಟುಕೊಂಡು ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ), ಆಟೋಕ್ರಾಸ್ (ಗುರುತು ಮಾಡಿದ ಸಣ್ಣ ದಾರಿಯಲ್ಲಿ ಸಮಯದ ಓಟ) ಅಂತ ಓಡಾಡುವವರಿಗೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ ಸಸ್ಪೆನ್ಷನ್), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂದಿನ ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ): ಸ್ವಿಫ್ಟ್, ಪೋಲೋ, ಐ20 ಎಲ್ಲದರ ಜಾಯಮಾನ ಇದೇ. ಹಿಂದಿನ ಚಕ್ರ ತಳ್ಳುವ ಕಾರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಮೊದಲು ಮೂರು ಪದ

ಕ್ಯಾಂಬರ್ ಅಂದರೆ ಕಾರನ್ನು ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ರಸ್ತೆ ಕಾರಿನಲ್ಲಿ ಇದು ಸಾಮಾನ್ಯವಾಗಿ ಸೊನ್ನೆಯ ಆಸುಪಾಸು. ಈಗ ಬಲಕ್ಕೆ ಜೋರಾಗಿ ತಿರುಗಿದಿರಿ ಅಂದುಕೊಳ್ಳಿ. ಬಾಡಿ ಎಡಕ್ಕೆ 3 ಡಿಗ್ರಿ ವಾಲುತ್ತದೆ. ಎಡ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ. ಡಬಲ್ ವಿಷ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಸಸ್ಪೆನ್ಷನ್) ಇರುವ ಕಾರಾದರೆ ಸಸ್ಪೆನ್ಷನ್ ಕುಗ್ಗುವಾಗ ಚಕ್ರವನ್ನು ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ಟ್ರಟ್‌ಗೆ ಆ ಶಕ್ತಿ ಕಡಿಮೆ. ಹಾಗಾಗಿ ನಿಂತಾಗ ನೆಟ್ಟಗಿದ್ದ ಚಕ್ರ ತಿರುವಿನಲ್ಲಿ ಎರಡು ಡಿಗ್ರಿಯಷ್ಟು ಹೊರಕ್ಕೆ ವಾಲಿ, ಟೈರು ಹೊರ ಅಂಚಿನ ಮೇಲೆ ಓಡುತ್ತದೆ. ನನ್ನ ಕೊಬ್ಬರಿ ತುರಿಯ ಕಥೆ ಇಷ್ಟೇ. ಅಷ್ಟು ವಾಲುತ್ತದೆ ಅಂತ ಗೊತ್ತಿದ್ದ ಮೇಲೆ ಮೊದಲೇ ಅಷ್ಟು ಒಳಕ್ಕೆ ವಾಲಿಸಿ ಇಟ್ಟರೆ, ತಿರುವಿನಲ್ಲಿ ಟೈರು ಚಪ್ಪಟೆಯಾಗಿ ನೆಲ ಹಿಡಿಯುತ್ತದೆ.

ಹಾಗಂತ ಜಾಸ್ತಿ ಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತದೆ. ನೇರ ದಾರಿಯಲ್ಲಿ ಟೈರು ಒಳ ಅಂಚಿನ ಮೇಲಷ್ಟೇ ನಿಂತಿರುತ್ತದೆ. ಬ್ರೇಕ್ ಒತ್ತಿದರೆ ಚಕ್ರ ಬೇಗ ಲಾಕ್ ಆಗುತ್ತದೆ. ನಮ್ಮ ಕಾರು ಎಳೆಯುವುದೂ ಅದೇ ಮುಂದಿನ ಚಕ್ರದಿಂದ ಅಲ್ವಾ, ನಿಧಾನ ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ತುಳಿದರೆ ಚಕ್ರ ಸುಮ್ನೆ ಜಾರಿ ತಿರುಗುತ್ತದೆ. ಇದು ನಮ್ಮಂಥ ಹವ್ಯಾಸಿಗಳ ತಲೆನೋವು ಮಾತ್ರ ಅಲ್ಲ. 2011ರ ಬೆಲ್ಜಿಯಂ ಗ್ರ್ಯಾಂಡ್ ಪ್ರೀ ಫಾರ್ಮುಲಾ ಒನ್ ರೇಸಿನಲ್ಲಿ ಟೈರು ಕಂಪನಿ ಪಿರೆಲ್ಲಿ ಹೇಳಿದ್ದ 4 ಡಿಗ್ರಿ ಕ್ಯಾಂಬರ್ ಮಿತಿಯನ್ನು ರೆಡ್ ಬುಲ್ ತಂಡ ಮೀರಿತ್ತು. ಕ್ವಾಲಿಫೈಯಿಂಗ್ ಮುಗಿಯುವಷ್ಟರಲ್ಲಿ ಮುಂದಿನ ಟೈರುಗಳಲ್ಲಿ ಬೊಬ್ಬೆ ಎದ್ದಿದ್ದವು. ಆ ತಂಡದ ಡ್ರೈವರ್ ವೆಟೆಲ್ ಬೇಗನೆ ಟೈರು ಬದಲಿಸಿ ಆ ರೇಸ್ ಗೆದ್ದರು ಅನ್ನುವುದು ಬೇರೆ ಮಾತು.

ಟೋ ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರ ಎತ್ತ ಮುಖ ಮಾಡಿವೆ ಅನ್ನುವುದು. ಮುಂಭಾಗ ಒಂದಕ್ಕೊಂದು ಹತ್ತಿರ ಬಂದಿದ್ದರೆ ಟೋ ಇನ್, ದೂರ ಸರಿದಿದ್ದರೆ ಟೋ ಔಟ್. ನಿಮ್ಮ ಪಾದಗಳನ್ನೇ ನೋಡಿಕೊಳ್ಳಿ, ಅರ್ಥವಾಗುತ್ತದೆ. ನೋಡಲು ಇದು ತೀರಾ ಸಣ್ಣ ಅಳತೆ. ಪರಿಣಾಮ ಮಾತ್ರ ಮೂರರಲ್ಲಿ ಎಲ್ಲಕ್ಕಿಂತ ಜಾಸ್ತಿ, ಡ್ರೈವರ್‌ಗೆ ಎಲ್ಲಕ್ಕಿಂತ ಬೇಗ ಗೊತ್ತಾಗುವುದೂ ಇದೇ. ಮುಂದೆ ಸ್ವಲ್ಪ ಟೋ ಔಟ್ ಕೊಟ್ಟರೆ ಸ್ಟೀರಿಂಗ್ ಮುಟ್ಟಿದ ಕೂಡಲೇ ಮೂತಿ ತಿರುಗುತ್ತದೆ. ಟೋ ಇನ್ ಕೊಟ್ಟರೆ ಕಾರು ಶಾಂತ, ಆದರೆ ತಿರುಗಲು ಸೋಮಾರಿ. ಹಿಂದೆ ಟೋ ಇನ್ ಇದ್ದರೆ ಹಿಂಭಾಗ ನೆಟ್ಟಗೆ ಹಿಂಬಾಲಿಸುತ್ತದೆ. ಹಿಂದೆ ಟೋ ಔಟ್ ಆದರೆ ಬಾಲ ತಾನೇ ಮುಂದೆ ಬರಲು ನೋಡುತ್ತದೆ.

ಟೋ ಔಟ್‌ಗೆ ನೇರ ದಾರಿಯಲ್ಲಿ ಬೆಲೆ ತೆರಬೇಕು. ಎರಡು ಚಕ್ರ ಎರಡು ಕಡೆಗೆ ಎಳೆದಾಡುತ್ತವೆ, ಟೈರು ಉಜ್ಜಿಕೊಂಡು ಹೋಗುತ್ತದೆ. 2020ರಲ್ಲಿ ಮರ್ಸಿಡಿಸ್ ಫಾರ್ಮುಲಾ ಒನ್ ತಂಡ ಇದಕ್ಕೊಂದು ಉಪಾಯ ತಂದಿತು. ನೇರ ದಾರಿಯಲ್ಲಿ ಡ್ರೈವರ್ ಸ್ಟೀರಿಂಗನ್ನೇ ಎದೆಯ ಕಡೆಗೆ ಎಳೆದರೆ ಮುಂದಿನ ಚಕ್ರಗಳ ಟೋ ಬದಲಾಗುತ್ತಿತ್ತು, ತಿರುವು ಬಂದಾಗ ತಳ್ಳಿದರೆ ಮತ್ತೆ ಮೊದಲಿನ ಹಾಗೆ. ಹೆಸರು ಡಿಎಎಸ್. ಮುಂದಿನ ವರ್ಷಕ್ಕೇ ಅದನ್ನು ನಿಷೇಧಿಸಿದರು. ಕೆಲವೇ ಮಿಲಿಮೀಟರ್‌ಗೋಸ್ಕರ ಅಷ್ಟು ದೊಡ್ಡ ತಂಡ ಅಷ್ಟು ತಲೆ ಓಡಿಸಿತು ಅಂದರೆ ನೀವೇ ಯೋಚಿಸಿ.

ಕ್ಯಾಸ್ಟರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದೇ. ಜಾಸ್ತಿ ಇದ್ದರೆ ಸ್ಟೀರಿಂಗ್ ಗಟ್ಟಿ, ಕಾರು ನೇರ. ಸ್ಟೀರಿಂಗ್ ತಿರುಗಿಸಿದಾಗ ಹೊರಗಡೆಯ ಚಕ್ರಕ್ಕೆ ಬಿಟ್ಟಿಯಾಗಿ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಕೂಡ ಸಿಗುತ್ತದೆ. ನಮ್ಮ ಕಾರುಗಳಲ್ಲಿ ಇದನ್ನು ಹೊಂದಿಸಲು ಕಂಪನಿ ಜಾಗವನ್ನೇ ಕೊಟ್ಟಿರುವುದಿಲ್ಲ. ಎಡ ಬಲ ಸಮ ಇದೆಯಾ ಅಂತ ನೋಡಿಕೊಂಡರೆ ಸದ್ಯಕ್ಕೆ ಸಾಕು.

ಸಾಮಾನು

ದುಬಾರಿ ಯಂತ್ರ ಬೇಡ. ಡಿಜಿಟಲ್ ಆ್ಯಂಗಲ್ ಗೇಜ್ ಒಂದು, ರಿಮ್‌ನ ಮೇಲಂಚಿನಿಂದ ಕೆಳಂಚಿಗೆ ಮುಟ್ಟುವ ನೆಟ್ಟನೆಯ ಅಲ್ಯೂಮಿನಿಯಂ ಪಟ್ಟಿ ಒಂದು. ಮೀನಿನ ಗಾಳದ ದಾರ, ಅರ್ಧ ಮಿ.ಮೀ. ಗೆರೆ ಇರುವ ಸ್ಟೀಲ್ ಸ್ಕೇಲ್. ಕಾರಿನ ಅಗಲಕ್ಕಿಂತ ಒಂದಡಿ ಉದ್ದದ ಎರಡು ಪೈಪು. ನಾಲ್ಕು ಆಕ್ಸಲ್ ಸ್ಟ್ಯಾಂಡ್. ಎಂಟು ತಗಡಿನ ತುಂಡು, ಒಂದು ಡಬ್ಬಿ ಗ್ರೀಸ್. ಜಾಕ್, ಸ್ಪ್ಯಾನರ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್), ಬಿಳಿ ಮತ್ತು ಹಳದಿ ಪೇಂಟ್ ಪೆನ್, ಮತ್ತೆ ಒಂದು ನೋಟ್‌ಬುಕ್. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ನೀರಿನ ಪೈಪನ್ನು ಮರೆಯಬೇಡಿ.

ಹಂತ 1: ಮುಟ್ಟುವ ಮುಂಚೆ ಅಲ್ಲಾಡಿಸಿ ನೋಡಿ

ಜಾಕ್ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಮೇಲೆ ಎಡಕ್ಕೆ ಬಲಕ್ಕೆ. ಲೊಟಲೊಟ ಅಂದರೆ ಬಾಲ್ ಜಾಯಿಂಟೋ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸಲಾಕೆ) ತುದಿಯೋ ಬೇರಿಂಗೋ ಹೋಗಿದೆ. ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ಕೆಳತೋಳಿನ ರಬ್ಬರ್) ಹರಿದಿದ್ದರೆ ನೀವು ಗ್ಯಾರೇಜಿನಲ್ಲಿ ಕೂತು ಇಟ್ಟ ಅಳತೆ ಮೊದಲ ಬ್ರೇಕಿಗೇ ಬದಲಾಗುತ್ತದೆ. ಮೊದಲು ಅದನ್ನು ಸರಿಮಾಡಿಸಿ. ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕುವ ಯೋಚನೆ ಇದ್ದರೂ ಅದನ್ನು ಮೊದಲೇ ಮುಗಿಸಿಬಿಡಿ. ಎತ್ತರ ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ.

ಹಂತ 2: ನೆಲದ ಮಟ್ಟ

ಇದನ್ನು ಬಿಟ್ಟೇಬಿಡುವವರು ಜಾಸ್ತಿ. ನಾನೂ ಬಿಟ್ಟಿದ್ದೆ. ಬೆಂಗಳೂರಿನ ಮನೆ ಪಾರ್ಕಿಂಗ್ ನೆಲ ನೀರು ಹರಿಯಲಿ ಅಂತ ಇಳಿಜಾರಾಗಿಯೇ ಇರುತ್ತದೆ. ಎರಡು ಚಕ್ರಗಳ ನಡುವೆ ನೆಲ 25 ಮಿ.ಮೀ. ಇಳಿದರೂ ಕ್ಯಾಂಬರ್ ಓದುವಾಗ ಸುಮಾರು ಒಂದು ಡಿಗ್ರಿ ತಪ್ಪು ಬರುತ್ತದೆ.

ನೀರಿನ ಪೈಪಿನ ಒಂದು ತುದಿಯನ್ನು ಒಂದು ಚಕ್ರ ನಿಲ್ಲುವ ಜಾಗದಲ್ಲಿ ಹಿಡಿಯಿರಿ. ಇನ್ನೊಂದು ತುದಿಯನ್ನು ಉಳಿದ ಮೂರು ಜಾಗಕ್ಕೂ ಒಯ್ದು ನೀರಿನ ಮಟ್ಟ ಗುರುತು ಹಾಕಿಕೊಳ್ಳಿ. ಎಲ್ಲಿ ತಗ್ಗಿದೆಯೋ ಅಲ್ಲಿ ಹಳೇ ಟೈಲ್ಸ್ ತುಂಡು, ಪ್ಲೈವುಡ್ ಇಟ್ಟು ಸಮ ಮಾಡಿ. ನಾಲ್ಕೂ ಜಾಗ 2 ಮಿ.ಮೀ. ಒಳಗೆ ಬಂದರೆ ನಡೆಯುತ್ತದೆ. ನೆಲದ ಮೇಲೆ ಪೇಂಟಿನಲ್ಲಿ ಗುರುತು ಮಾಡಿಬಿಡಿ, ಮುಂದಿನ ಸಲ ಈ ಕೆಲಸ ಇರುವುದಿಲ್ಲ.

ಪ್ರತಿ ಚಕ್ರದ ಕೆಳಗೆ ಎರಡು ತಗಡು, ಮಧ್ಯೆ ಧಾರಾಳವಾಗಿ ಗ್ರೀಸ್. ಜಾಕಿನಿಂದ ಇಳಿಸಿದಾಗ ಟೈರು ನೆಲಕ್ಕೆ ಕಚ್ಚಿಕೊಂಡು ಸಸ್ಪೆನ್ಷನ್ ತನ್ನ ಜಾಗಕ್ಕೆ ಬರುವುದೇ ಇಲ್ಲ. ತಗಡು ಜಾರಿದರೆ ಬರುತ್ತದೆ.

ಹಂತ 3: ಡ್ರೈವರ್ ತೂಕ, ಗಾಳಿ, ಪೆಟ್ರೋಲು

ರೇಸ್ ಮಾಡುವಾಗ ಕಾರು ಖಾಲಿ ಇರುವುದಿಲ್ಲ. ಟ್ಯಾಂಕ್ ಅರ್ಧ ಇರಲಿ. ಸ್ಟೆಪ್ನಿ, ಜಾಕ್, ಡಿಕ್ಕಿಯಲ್ಲಿನ ಸಾಮಾನು ಎಲ್ಲ ತೆಗೆಯಿರಿ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಿ. ನಾನು 25 ಕೆಜಿಯ ಅಕ್ಕಿ ಮೂಟೆ ಮೂರು ಇಡುತ್ತೇನೆ. ಒಂದನ್ನು ಪೆಡಲ್ ಹತ್ತಿರ ಕಾಲಿಡುವ ಜಾಗದಲ್ಲಿ, ಎರಡನ್ನು ಸೀಟಿನ ಮೇಲೆ. ಅಮ್ಮನಿಗೆ ಇದು ಇಷ್ಟವಿಲ್ಲ, "ಅನ್ನ ತಿನ್ನೋ ಅಕ್ಕಿನ ಗ್ರೀಸ್ ಕೈಲಿ ಮುಟ್ತೀಯಲ್ಲೋ" ಅಂತ ಪ್ರತಿ ಸಲ ಬೈಗುಳ.

ನಾಲ್ಕೂ ಟೈರಿಗೆ ಗಾಳಿ ಸರಿಯಾಗಿ ತುಂಬಿ. ಬಂಪರ್ ಹಿಡಿದು ನಾಲ್ಕಾರು ಸಲ ಒತ್ತಿ ಬಿಡಿ. ಸ್ಟೀರಿಂಗ್ ನೆಟ್ಟಗೆ ಮಾಡಿ ಸೀಟಿಗೆ ಹಗ್ಗದಿಂದ ಕಟ್ಟಿ.

ಹಂತ 4: ಕ್ಯಾಂಬರ್

ಕ್ರಮ ಮುಖ್ಯ. ಎತ್ತರ, ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಬದಲಾದರೆ ಟೋ ಹಲವು ಮಿಲಿಮೀಟರ್ ಸರಿಯುತ್ತದೆ. ಟೋ ಮುಟ್ಟಿದರೆ ಕ್ಯಾಂಬರ್ ಹೆಚ್ಚೇನೂ ಕದಲುವುದಿಲ್ಲ. ಟೋ ಮೊದಲು ಮಾಡಿದವರು ಎರಡು ಸಲ ಮಾಡುತ್ತಾರೆ.

ಆ್ಯಂಗಲ್ ಗೇಜನ್ನು ಮೊದಲು ನೆಲದ ಮೇಲಿಟ್ಟು ಸೊನ್ನೆ ಮಾಡಿ. ಪಟ್ಟಿಯನ್ನು ರಿಮ್‌ನ ಮೇಲಂಚಿಗೂ ಕೆಳಂಚಿಗೂ ತಾಗಿಸಿ, ಗೇಜ್ ಅಂಟಿಸಿ, ಓದಿ. ಟೈರಿನ ಉಬ್ಬಿಗೆ ಪಟ್ಟಿ ತಾಗಬಾರದು. ಗೇಜ್ ಇಲ್ಲದಿದ್ದರೆ ತೂಗುಗುಂಡು ಸಾಕು. ಫೆಂಡರ್‌ಗೆ ಅಡ್ಡ ಕೋಲು ಕಟ್ಟಿ, ಟೈರಿಗೆ ತಾಗದ ಹಾಗೆ ಗುಂಡು ಇಳಿಬಿಡಿ. ದಾರದಿಂದ ರಿಮ್‌ನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಅಂತ ಅಳೆಯಿರಿ. ಅಳೆದ ಎರಡು ಬಿಂದುಗಳ ನಡುವೆ 400 ಮಿ.ಮೀ. ಇದ್ದರೆ, 7 ಮಿ.ಮೀ. ವ್ಯತ್ಯಾಸಕ್ಕೆ 1 ಡಿಗ್ರಿ. ಮೇಲೆ ಅಂತರ ಜಾಸ್ತಿ ಇದ್ದರೆ ನೆಗೆಟಿವ್.

ಹೊಂದಿಸುವುದು ಹೇಗೆ? ಸ್ಟ್ರಟ್ ಮತ್ತು ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ತುಂಡು) ಸೇರುವಲ್ಲಿ ಎರಡು ಬೋಲ್ಟ್ ಇರುತ್ತವೆ. ಅದರಲ್ಲಿ ಒಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ (ತಿರುಗಿಸಿದರೆ ಚಕ್ರದ ವಾಲು ಬದಲಿಸುವ ಬೋಲ್ಟ್) ಹಾಕಿದರೆ ಒಂದರಿಂದ ಒಂದೂವರೆ ಡಿಗ್ರಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಸ್ಟ್ರಟ್ ತಲೆಗೆ, ಅದನ್ನು ಒಳಕ್ಕೆ ಸರಿಸುವ ಕ್ಯಾಂಬರ್ ಪ್ಲೇಟ್. ಕ್ಯಾಂಬರ್ ಬೋಲ್ಟ್ ಬಿಗಿ ಮಾಡುವಾಗ ಟಾರ್ಕ್ ರೆಂಚ್ ಬಿಟ್ಟು ಬೇರೆ ಏನೂ ಬಳಸಬೇಡಿ. ಮುಗಿದ ಮೇಲೆ ಬೋಲ್ಟ್ ತಲೆಯಿಂದ ನಕಲ್‌ವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ಸರಿದಿದೆ ಅಂತಲೇ ಅರ್ಥ.

ಎಷ್ಟರಿಂದ ಶುರು ಮಾಡಬೇಕು? ರಸ್ತೆ ಟೈರಾದರೆ ಮುಂದೆ 2 ಡಿಗ್ರಿ ನೆಗೆಟಿವ್, ಸೆಮಿ ಸ್ಲಿಕ್ (ಗೀರು ಕಡಿಮೆ ಇರುವ, ಟ್ರ್ಯಾಕ್‌ಗೆಂದೇ ಬರುವ ಟೈರು) ಆದರೆ ಎರಡೂವರೆಯಿಂದ 3. ಹಿಂದೆ ಒಂದರಿಂದ ಒಂದೂವರೆ. ಇದು ಆರಂಭ ಮಾತ್ರ. ಉಳಿದದ್ದನ್ನು ಟೈರೇ ಹೇಳುತ್ತದೆ.

ಎರಡೂ ಕಡೆ ಸಮ ಇರಬೇಕೆಂಬ ಕಾನೂನೇನೂ ಇಲ್ಲ. ಅಮೆರಿಕದ ಓವಲ್ ಟ್ರ್ಯಾಕ್‌ಗಳಲ್ಲಿ ನ್ಯಾಸ್ಕಾರ್ ರೇಸ್ ಕಾರುಗಳು ಬರೀ ಎಡಕ್ಕೆ ತಿರುಗುತ್ತವೆ. ಹಾಗಾಗಿ ಬಲ ಮುಂದಿನ ಚಕ್ರಕ್ಕೆ ನೆಗೆಟಿವ್, ಎಡ ಮುಂದಿನದಕ್ಕೆ ಪಾಸಿಟಿವ್ ಇಡುತ್ತಾರೆ. ಚೆನ್ನೈ ಪಕ್ಕ ಶ್ರೀಪೆರಂಬದೂರ್ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ 3.717 ಕಿ.ಮೀ. ಉದ್ದ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಓಡುವುದು. ಎಡಗಡೆ ಟೈರುಗಳಿಗೆ ಶಿಕ್ಷೆ ಜಾಸ್ತಿ. ನಾನು ಎಡ ಮುಂದೆ ಕಾಲು ಡಿಗ್ರಿ ಹೆಚ್ಚು ಇಡುತ್ತೇನೆ. ಮೊದಲ ಸಲ ಮಾಡುವವರು ಸಮವಾಗಿಯೇ ಇಡಿ. ಇಲ್ಲದಿದ್ದರೆ ಕಾರು ಎಳೆಯುವುದು ಇದರಿಂದಲೋ ಬೇರೆ ದೋಷದಿಂದಲೋ ಗೊತ್ತಾಗುವುದಿಲ್ಲ.

ಹಂತ 5: ನೂಲು ಕಟ್ಟುವುದು

ಎರಡು ಪೈಪಿನಲ್ಲೂ ಒಂದೇ ಅಂತರದಲ್ಲಿ, ಎರಡೂ ತುದಿಗೆ, ಹ್ಯಾಕ್ಸಾ ಬ್ಲೇಡಿನಿಂದ ಸಣ್ಣ ಗೀರು ಹಾಕಿ. ಒಂದು ಪೈಪು ಕಾರಿನ ಮುಂದೆ, ಒಂದು ಹಿಂದೆ, ಆಕ್ಸಲ್ ಸ್ಟ್ಯಾಂಡ್ ಮೇಲೆ, ಚಕ್ರದ ನಡುಮಧ್ಯದ ಎತ್ತರಕ್ಕೆ. ಗೀರಿನಿಂದ ಗೀರಿಗೆ ಗಾಳದ ದಾರ ಎಳೆದು, ತುದಿಗೆ ನಟ್ಟು ಕಟ್ಟಿ ಇಳಿಬಿಡಿ. ದಾರ ವೀಣೆ ತಂತಿಯ ಹಾಗೆ ಬಿಗಿಯಾಗಿರಬೇಕು. ಗೀರುಗಳ ಅಂತರ ಒಂದೇ ಇರುವುದರಿಂದ ಎರಡು ದಾರ ತಮ್ಮಷ್ಟಕ್ಕೆ ಸಮಾನಾಂತರ.

ಈಗ ದಾರದ ಚೌಕಟ್ಟನ್ನು ಕಾರಿನ ನಡುವಿಗೆ ತರಬೇಕು. ಮುಂದಿನ ಎಡ ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಎಡ ದಾರಕ್ಕೆ ಎಷ್ಟೋ, ಬಲ ಹಬ್‌ನಿಂದ ಬಲ ದಾರಕ್ಕೂ ಅಷ್ಟೇ. ಹಿಂದೆಯೂ ಹಾಗೆ. ಮುಂದಿನ ಅಳತೆಗೂ ಹಿಂದಿನ ಅಳತೆಗೂ ವ್ಯತ್ಯಾಸ ಇದ್ದರೆ ಗಾಬರಿ ಬೇಡ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಗಲ ಬೇರೆ ಇರುತ್ತದೆ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ನಾಯಿ, ಮಕ್ಕಳು, ಪಕ್ಕದ ಮನೆಯ ಅಂಕಲ್, ಯಾರನ್ನೂ ಹತ್ತಿರ ಬಿಡಬೇಡಿ. ದಾರ ಒಂದು ಸಲ ತಾಗಿದರೆ ಮತ್ತೆ ಮೊದಲಿನಿಂದ.

ಹಂತ 6: ಟೋ ಓದುವುದು, ತಿರುಗಿಸುವುದು

ಒಂದು ಚಕ್ರ ತೆಗೆದುಕೊಳ್ಳಿ. ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ, ಹಿಂದಿನ ಅಂಚಿನಿಂದಲೂ ಅಳೆಯಿರಿ. ದಾರ ಚಕ್ರದ ಹೊರಗಿದೆ ಅನ್ನುವುದು ತಲೆಯಲ್ಲಿರಲಿ. ಮುಂದಿನ ಅಳತೆ ಕಡಿಮೆ ಇದ್ದರೆ ಚಕ್ರದ ಮೂತಿ ದಾರದ ಕಡೆಗೆ, ಅಂದರೆ ಹೊರಕ್ಕೆ, ತಿರುಗಿದೆ: ಟೋ ಔಟ್. ಮುಂದಿನ ಅಳತೆ ಜಾಸ್ತಿ ಇದ್ದರೆ ಟೋ ಇನ್. 15 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ಅಂದರೆ ಸರಿಸುಮಾರು 0.14 ಡಿಗ್ರಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಒಂದು ಸಲ ನಾನೇ ಇದನ್ನು ಉಲ್ಟಾ ಓದಿ, ಹಿಂದಿನ ಚಕ್ರದ ಶಿಮ್ (ಕೋನ ಬದಲಿಸಲು ನಡುವೆ ಇಡುವ ತೆಳು ತಗಡು) ತಿರುಗುಮುರುಗಾಗಿ ಹಾಕಿದೆ. ಟೋ ಇನ್ ಕೊಡಲು ಹೋಗಿ ಟೋ ಔಟ್ ಕೊಟ್ಟಿದ್ದೆ. ಮೊದಲ ಎರಡು ಸುತ್ತು ಕಾರು ಎಷ್ಟು ಚುರುಕಾಗಿದೆ ಅಂತ ಖುಷಿಪಟ್ಟೆ. ಮೂರನೆಯ ಸುತ್ತಿನಲ್ಲಿ ವೇಗದ ಬಲ ತಿರುವಿನ ಮಧ್ಯೆ ಸ್ವಲ್ಪ ಆಕ್ಸಿಲರೇಟರ್ ಬಿಟ್ಟೆ, ಅಷ್ಟೇ. ಹಿಂದಿನ ಗಾಜಿನಲ್ಲಿ ಕಾಣಬೇಕಿದ್ದ ದಾರಿ ಮುಂದಿನ ಗಾಜಿನಲ್ಲಿ ಕಂಡಿತು. ಮಣ್ಣಿನಲ್ಲಿ ನಿಂತೆ, ಏನೂ ತಗುಲಲಿಲ್ಲ. ಅಂದಿನಿಂದ ಗ್ಯಾರೇಜ್ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ: ಮುಂದೆ ಕಡಿಮೆ, ಔಟ್.

ಮುಂದಿನ ಟೋ ಹೊಂದಿಸಲು ಟೈ ರಾಡ್ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿ. ನನ್ನ ಕಾರಿನಲ್ಲಿ ಕಾಲು ಸುತ್ತಿಗೆ ಸುಮಾರು 1 ಮಿ.ಮೀ. ಬದಲಾಗುತ್ತದೆ. ನಿಮ್ಮದರಲ್ಲಿ ಎಷ್ಟು ಅಂತ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ, ಟ್ರ್ಯಾಕ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡೂ ಕಡೆ ಸಮವಾಗಿ ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ಸೊಟ್ಟ ಕೂರುತ್ತದೆ. ಲಾಕ್ ನಟ್ ಬಿಗಿ ಮಾಡುವಾಗ ರಾಡ್ ಜೊತೆಗೇ ತಿರುಗುವುದುಂಟು, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಹಿಂದೆ ಟಾರ್ಷನ್ ಬೀಮ್ ಇದ್ದರೆ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಆಕ್ಸಲ್) ಮತ್ತು ಬೀಮ್ ನಡುವೆ ಶಿಮ್ ಹಾಕಬೇಕು. ಕೆಲಸ ಕಿರಿಕಿರಿ. ಒಮ್ಮೆ ಸರಿಯಾಗಿ ಹಾಕಿದರೆ ಮತ್ತೆ ಮುಟ್ಟಬೇಕಾಗಿಲ್ಲ.

ಆರಂಭದ ಅಳತೆ: ಮುಂದೆ ಎರಡೂ ಚಕ್ರ ಸೇರಿ 1ರಿಂದ 2 ಮಿ.ಮೀ. ಟೋ ಔಟ್, ಹಿಂದೆ ಸೊನ್ನೆಯಿಂದ 2 ಮಿ.ಮೀ. ಟೋ ಇನ್. ಆಕ್ಸಿಲರೇಟರ್ ತುಳಿದಾಗ ನಮ್ಮ ಮುಂದಿನ ಚಕ್ರಗಳು ಬುಷ್ ಎಳೆದುಕೊಂಡು ಒಳಕ್ಕೆ ಮುಖ ಮಾಡುತ್ತವೆ, ಅದಕ್ಕೂ ಈ ಟೋ ಔಟ್ ಸರಿಹೋಗುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಾದರೆ ಹಿಂದೆ ಟೋ ಇನ್ ಇರಲೇಬೇಕು, ಸೊನ್ನೆಗೂ ಇಳಿಸಬೇಡಿ.

ಹಂತ 7: ಟೈರನ್ನು ಕೇಳುವುದು

ಟ್ರ್ಯಾಕ್‌ನಲ್ಲಿ ನಾಲ್ಕೈದು ಸುತ್ತು ಜೋರಾಗಿ ಓಡಿಸಿ, ತಣ್ಣಗಾಗಲು ಬಿಡದೆ ನೇರ ಪಿಟ್‌ಗೆ ಬನ್ನಿ. ಗೆಳೆಯರೊಬ್ಬರು ಸೂಜಿ ಇರುವ ಟೆಂಪರೇಚರ್ ಮೀಟರ್ ಹಿಡಿದು ಕಾದಿರಲಿ. ಟೈರಿನ ಒಳಗೆ, ಮಧ್ಯೆ, ಹೊರಗೆ ಮೂರು ಕಡೆ ಚುಚ್ಚಿ ಓದಬೇಕು, ಮೊದಲು ಜಾಸ್ತಿ ದುಡಿದ ಮುಂದಿನ ಟೈರು. ಅಡುಗೆಮನೆಯ ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ಓದುತ್ತದೆ, ಮೇಲ್ಮೈ ಪಿಟ್ ದಾರಿಯಲ್ಲೇ ತಣ್ಣಗಾಗಿರುತ್ತದೆ. ಏನೂ ಇಲ್ಲದಿದ್ದಾಗ ಅದೂ ಪರವಾಗಿಲ್ಲ.

ಒಳ ಅಂಚು ಹೊರ ಅಂಚಿಗಿಂತ 5ರಿಂದ 10 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಕ್ಯಾಂಬರ್ ಹತ್ತಿರ ಹತ್ತಿರ ಸರಿಯಿದೆ. 15 ದಾಟಿದರೆ ಕ್ಯಾಂಬರ್ ಜಾಸ್ತಿಯಾಯಿತು. ಹೊರ ಅಂಚೇ ಬಿಸಿ ಇದ್ದರೆ ಇನ್ನೂ ಬೇಕು. ಮಧ್ಯಭಾಗ ಎರಡೂ ಅಂಚಿಗಿಂತ ಬಿಸಿ ಇದ್ದರೆ ಅದು ಅಲೈನ್‌ಮೆಂಟ್ ಅಲ್ಲ, ಗಾಳಿ ಜಾಸ್ತಿ. ಮೊದಲು ಗಾಳಿ ಸರಿ ಮಾಡಿ. ಬಿಸಿಯಾದ ಮೇಲೆ ನನ್ನ ಟೈರಿನಲ್ಲಿ ಗಾಳಿಯ ಒತ್ತಡ 6 ಪಿಎಸ್‌ಐ ಏರುತ್ತದೆ. ಮದ್ರಾಸ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಿಸಿಲು ಬದಿಯ ಟೈರು ನೆರಳು ಬದಿಯದಕ್ಕಿಂತ ಮೊದಲೇ ಏರಿರುತ್ತದೆ, ಅದನ್ನು ತಣ್ಣನೆಯ ಟೈರು ಅಂತ ತಿಳಿದು ಗಾಳಿ ಹೊಂದಿಸಬೇಡಿ.

ಇನ್ನು ಕೈಗೆ ಸಿಗುವ ಅನುಭವ. ತಿರುವಿನ ಒಳಗೆ ಹೋಗುವಾಗಲೇ ಮೂತಿ ತಿರುಗದೆ ಸತಾಯಿಸುತ್ತಿದ್ದರೆ ಮುಂದೆ 1 ಮಿ.ಮೀ. ಟೋ ಔಟ್ ಹೆಚ್ಚಿಸಿ. ಒಳಗೆ ಹೋದದ್ದೇನೋ ಸರಿ, ಮಧ್ಯದಲ್ಲಿ ಹೊರಕ್ಕೆ ಜಾರುತ್ತಿದೆ, ಅಂದರೆ ಅಂಡರ್‌ಸ್ಟಿಯರ್ ಆಗುತ್ತಿದೆ ಅಂದರೆ ಮುಂದಿನ ಕ್ಯಾಂಬರ್ ಕಡೆ ನೋಡಿ. ಬ್ರೇಕ್ ಒತ್ತಿದಾಗ ಹಿಂಭಾಗ ತೂಗಾಡಿದರೆ ಹಿಂದೆ ಟೋ ಇನ್ ಸಾಲದು. ನೇರ ದಾರಿಯಲ್ಲಿ ಕಾರು ಅಲೆಯುತ್ತಿದ್ದರೆ ಮುಂದಿನ ಟೋ ಔಟ್ ಮಿತಿಮೀರಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ: ಕ್ಯಾಂಬರ್ ಆದರೆ ಅರ್ಧ ಡಿಗ್ರಿ, ಟೋ ಆದರೆ 1 ಮಿ.ಮೀ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೇ ಗೊತ್ತು. ಪ್ರತಿ ಸಲ ಸಮಯ, ಗಾಳಿ, ಮೂರು ಟೆಂಪರೇಚರ್, ಬದಲಿಸಿದ್ದು ಏನು, ಕಾರು ಹೇಗನಿಸಿತು, ಎಲ್ಲ ನೋಟ್‌ಬುಕ್ಕಿಗೆ. ಸುತ್ತಿನ ಸಮಯ ಇಳಿದರೂ ಕಾರು ಹೆದರಿಸುತ್ತಿದ್ದರೆ ನಾನು ಹಿಂದಿನ ಅಳತೆಗೇ ಮರಳುತ್ತೇನೆ. ಹತ್ತು ಸುತ್ತು ನೆಮ್ಮದಿಯಿಂದ ಓಡಿಸಲಾಗದ ಸೆಟಪ್ ನಮ್ಮಂಥವರಿಗೆ ಬೇಡ.

ಹಂತ 8: ವಾಪಸ್ ಮನೆಗೆ

ಇರುಂಗಾಟ್ಟುಕೋಟ್ಟೈಯಿಂದ ಇದೇ ಕಾರಿನಲ್ಲಿ ಬೆಂಗಳೂರಿಗೆ ಮರಳುವವರಾದರೆ ಹೈವೇಯಲ್ಲಿ ಸುಮಾರು 300 ಕಿ.ಮೀ. ಇದೆ. ಮೂರು ಡಿಗ್ರಿ ಕ್ಯಾಂಬರ್ ಜೊತೆ ಟೋ ಔಟ್ ಇಟ್ಟುಕೊಂಡು ಓಡಿಸಿದರೆ ಟೈರಿನ ಒಳ ಅಂಚು ಬೇಗ ಬೋಳಾಗುತ್ತದೆ. ಬರೀ ಕ್ಯಾಂಬರ್ ಆಗಿದ್ದರೆ ಇಷ್ಟು ತಿನ್ನುವುದಿಲ್ಲ, ಟೋ ಸೇರಿದಾಗಲೇ ತೊಂದರೆ. ಹಾಗಾಗಿ ಮನೆಯಲ್ಲಿ ನೂಲು ಕಟ್ಟಿದ್ದಾಗಲೇ ಎರಡು ಗುರುತು ಮಾಡಿಟ್ಟುಕೊಳ್ಳಿ. ಟೋ ಸೊನ್ನೆ ಇದ್ದಾಗ ಟೈ ರಾಡ್ ಮೇಲೆ ಬಿಳಿ ಚುಕ್ಕೆ, ಟ್ರ್ಯಾಕ್ ಅಳತೆಗೆ ಹಳದಿ ಚುಕ್ಕೆ. ಪಿಟ್‌ನಲ್ಲಿ ನೂಲು ಬೇಡ, ಹಳದಿಯಿಂದ ಬಿಳಿಗೆ ತಿರುಗಿಸಿದರೆ ಆಯಿತು.

ಸಂಜೆ ದಣಿವಾಗಿರುತ್ತದೆ, ಗೆಳೆಯರು ಊಟಕ್ಕೆ ಅವಸರ ಮಾಡುತ್ತಿರುತ್ತಾರೆ. ಲಾಕ್ ನಟ್ ಬಿಗಿ ಮಾಡದೆ ಹೊರಡುವುದು ಆಗಲೇ. ಎರಡೂ ಬದಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಿ, ಚಕ್ರದ ಬೋಲ್ಟುಗಳ ಬಿಗಿಯನ್ನೂ ಒಮ್ಮೆ ನೋಡಿ, ಗಾಳಿಯನ್ನು ರಸ್ತೆಯ ಲೆಕ್ಕಕ್ಕೆ ತನ್ನಿ. ಆಮೇಲೆ ಸ್ಟೆಪ್ನಿ ಡಿಕ್ಕಿಗೆ.